ಗಣತಿಯ ಪುಸ್ತಕದಲ್ಲಿ ಕಾಣದ ಹೆಸರುಗಳು

ಅಂಕಿಗಳು ನೀರಸವೆಂದು ಅನೇಕರು ಭಾವಿಸುವುದುಂಟು. ಆದರೆ ನಮ್ಮ ಹಳೆಯ ಖಾನೇಷುಮಾರಿಯ, ಎಂದರೆ ಜನಗಣತಿಯ, ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿರಿಸಿ ನೋಡಿದ ವಾಚಕರು ಹಾಗೆನ್ನಲಾರರು. 1871ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷಗಳ ತರುವಾಯ, 1881ರಲ್ಲಿ, 41,86,188. ಬೆಳೆಯಬೇಕಾಗಿದ್ದ ಸಂಖ್ಯೆಯು 8,69,224ರಷ್ಟು ಕುಗ್ಗಿತು. ಆರು ಮಂದಿಯಲ್ಲಿ ಒಬ್ಬರು ಲೆಕ್ಕದಿಂದ ಮರೆಯಾದಂತಾಯಿತು.

ಇದಕ್ಕೆ ಮುಖ್ಯ ಕಾರಣ 1876ರಿಂದ 1878ರವರೆಗಿನ ಮಹಾಕ್ಷಾಮ. ಹಿರಿಯರು ಇದನ್ನು ಸಂವತ್ಸರಗಳ ಹೆಸರಿನಿಂದ ಧಾತು ಈಶ್ವರದ ಬರವೆಂದು ಕರೆದರು. ಧಾತೃವೆಂದರೆ ಧರಿಸುವವನು, ಪೋಷಕನು. 1871ರ ಗಣತಿ ನಡೆದ ಸಂವತ್ಸರದ ಹೆಸರೋ ಪ್ರಜೋತ್ಪತ್ತಿ! ನಾಮಕ್ಕೂ ಫಲಕ್ಕೂ ಎಂತಹ ವೈಷಮ್ಯ!

ಈ ವಿಪತ್ತು ಎಲ್ಲೆಡೆಯೂ ಸಮನಾಗಿ ಎರಗಲಿಲ್ಲ. ಮಲೆನಾಡಿಗಿಂತ ಬಯಲುಸೀಮೆ ಹೆಚ್ಚು ನರಳಿತು. ಅಂದಿನ ಕಡೂರು ಜಿಲ್ಲೆಯ ನೆಲವನ್ನೇ ನೋಡಿರಿ. 1865ರಲ್ಲಿ ಜಿಲ್ಲೆಯ ಕಚೇರಿಯು ಚಿಕ್ಕಮಗಳೂರಿಗೆ ಹೋಗಿದ್ದರೂ ಹೆಸರು ಮಾತ್ರ ಕಡೂರೆಂದೇ ಉಳಿದಿತ್ತು. ಪಡುವಣ ಶೃಂಗೇರಿಯಲ್ಲಿ ವರ್ಷಕ್ಕೆ ನೂರು ಅಂಗುಲಕ್ಕೂ ಮಿಗಿಲಾದ ಮಳೆ. ಮೂಡಣ ಕಡೂರಿನಲ್ಲಿ ಇಪ್ಪತ್ತೈದು ಅಂಗುಲದ ಆಸುಪಾಸು. ನಡುವೆ ಬಾಬಾಬುಡನ್ ಗಿರಿಶ್ರೇಣಿಯು ಗೋಡೆಯಂತೆ ನಿಂತು ಮೋಡಗಳನ್ನು ತಡೆಯುತ್ತದೆ. ಗಿರಿಯ ತಪ್ಪಲಲ್ಲಿರುವ ತರೀಕೆರೆಗೆ ಬೆಟ್ಟದ ಹಳ್ಳಗಳ ನೀರುಂಟು. ಕಡೂರು ಸೀಮೆಗೆ ಅಯ್ಯನಕೆರೆ, ಮದಗದಕೆರೆಗಳ ಆಸರೆ. ಅವುಗಳ ಅಚ್ಚುಕಟ್ಟಿನಾಚೆ ಆಕಾಶವೇ ಗತಿ. ಅಜ್ಜಂಪುರದ ಬಯಲು ಅಮೃತಮಹಲ್ ರಾಸುಗಳಿಗೆ ಹೆಸರಾದುದು. ಇಂತಹ ನೆಲದಲ್ಲಿ ಮಳೆ ತಪ್ಪಿದರೆ ಮೊದಲು ಹುಲ್ಲು ಹೋಗುವುದು, ಬಳಿಕ ಎತ್ತು, ಎತ್ತಿನೊಡನೆ ಉಳುಮೆಯೂ ಗಾಡಿಯೂ.

ಗಾಡಿಯ ಮಾತು ಸಣ್ಣದಲ್ಲ. ಆಗ ಮದರಾಸಿನ ಕಡೆಯಿಂದ ಬೆಂಗಳೂರಿನವರೆಗೆ ರೈಲು ಇತ್ತು. ಕಡೂರಿಗಾಗಲಿ ಅಜ್ಜಂಪುರಕ್ಕಾಗಲಿ ಇರಲಿಲ್ಲ. ಬೆಂಗಳೂರಿಗೆ ಧಾನ್ಯ ಬಂದರೂ ಅದನ್ನು ಮುಂದಕ್ಕೆ ಒಯ್ಯಬೇಕಾದ ಎತ್ತುಗಳು ಮೇವು ನೀರಿಲ್ಲದೆ ಸಾಯುತ್ತಿದ್ದವು. ಹರಿಹರದ ರೈಲುದಾರಿಯು ಕಡೂರು, ಬೀರೂರು, ಅಜ್ಜಂಪುರಗಳನ್ನು ಹಾದು ಪೂರ್ಣವಾದುದು 1889ರಲ್ಲಿ. ತರೀಕೆರೆಯ ಮೂಲಕ ಶಿವಮೊಗ್ಗೆಗೆ ರೈಲು ಹೋದುದು 1899ರಲ್ಲಿ. ಕ್ಷಾಮವು ಅವುಗಳಿಗಾಗಿ ಕಾದಿರಲಿಲ್ಲ.

1891ರಲ್ಲಿಯೂ ಸಂಸ್ಥಾನದ ಜನಸಂಖ್ಯೆ 49,43,604 ಮಾತ್ರ. ಹಳೆಯ ಮಟ್ಟವನ್ನು ದಾಟಿ 55,39,399 ಎಂದು ಕಂಡುದು 1901ರ ಗಣತಿಯಲ್ಲಿ. ಒಂದು ಬರದ ನಷ್ಟವನ್ನು ತುಂಬಲು ಒಂದು ತಲೆಮಾರೇ ಬೇಕಾಯಿತು.

ಆದರೂ ಆ 8,69,224 ಎಂಬುದನ್ನು ಸತ್ತವರ ಎಣಿಕೆಯೆಂದು ತಿಳಿಯಬಾರದು. ಅದು ಎರಡು ಗಣತಿಗಳ ಅಂತರ ಮಾತ್ರ. ಸತ್ತವರು, ಊರು ಬಿಟ್ಟವರು, ಹಸಿದ ಮನೆಗಳಲ್ಲಿ ಹುಟ್ಟದೆಯೇ ಹೋದ ಮಕ್ಕಳು, ಎಲ್ಲರೂ ಆ ಒಂದೇ ಅಂಕಿಯಲ್ಲಿ ಬೆರೆತುಹೋಗಿದ್ದಾರೆ. ಸರಕಾರದ ಪುಸ್ತಕವು ತಲೆಗಳನ್ನು ಎಣಿಸಿ ಒಟ್ಟುಗೂಡಿಸುತ್ತದೆ. ಹೆಸರುಗಳನ್ನು ಉಳಿಸುವುದು ಮನೆಯವರ ಕೆಲಸ. ನಮ್ಮ ಶ್ರಾದ್ಧದಲ್ಲಿ ತಂದೆ, ತಾತ, ಮುತ್ತಾತ ಎಂದು ಮೂರು ತಲೆಗಳನ್ನು ಹೆಸರಿಟ್ಟು ಕರೆಯುವೆವು. ಕ್ಷಾಮವನ್ನು ಕಂಡವರು ಈಗಿನವರಿಗೆ ಐದನೆಯ ಅಥವಾ ಆರನೆಯ ತಲೆಯವರು. ಆ ಕರೆಗೂ ಅವರು ಎಟುಕರು.

ಆದುದರಿಂದ ಗೃಹಸ್ಥರಲ್ಲಿ ಒಂದು ಬಿನ್ನಹ. ನಿಮ್ಮ ವಂಶದವರು ಈಗಿರುವ ಊರಿಗೆ ಯಾವಾಗ ಬಂದರು, ಎಲ್ಲಿಂದ ಬಂದರು, ಏಕೆ ಬಂದರು ಎಂಬುದನ್ನು ಮನೆಯ ವೃದ್ಧರನ್ನು, ವಿಶೇಷವಾಗಿ ಅಜ್ಜಿಯರನ್ನು, ಕೇಳಿರಿ. ಕೇಳಿದುದನ್ನು ಮನೆಯ ಲೆಕ್ಕದ ಪುಸ್ತಕದ ಕೊನೆಯ ಹಾಳೆಗಳಲ್ಲಿ ಇಸವಿಸಹಿತ ಬರೆದಿಡಿರಿ. ಹೇಳಬಲ್ಲವರು ಇರುವಾಗಲೇ ಇದು ಆಗಬೇಕು.