ರೊಟ್ಟಿ ಇದ್ದೂ ಉಣ್ಣದ ರೋಗ

ಅನ್ನವಿಲ್ಲದೆ ಸೊರಗುವುದೆಂದರೇನೆಂದು ನಮ್ಮ ಸೀಮೆ ಬಲ್ಲದು. ಮಳೆ ಕೈಕೊಟ್ಟ ವರ್ಷಗಳಲ್ಲಿ ಮಾಗಡಿ, ಶಿರಹಟ್ಟಿ, ಮುಂಡರಗಿಗಳಲ್ಲಿ ರೊಟ್ಟಿ ಎಣಿಸಿ ಹಂಚಿದ ಮನೆಗಳುಂಟು. ಆದುದರಿಂದಲೇ, ಬುಟ್ಟಿಯಲ್ಲಿ ರೊಟ್ಟಿ ಇದ್ದೂ ಮಗಳು ಉಣ್ಣಲೊಲ್ಲಳೆಂದರೆ ನಮಗೆ ಸಿಟ್ಟು ಬರುತ್ತದೆ, ಸೊಕ್ಕು ಎಂದುಬಿಡುತ್ತೇವೆ. ಸೊಕ್ಕಲ್ಲ, ಅದು ರೋಗ.

ಎಲುಬು ಕಾಣುವಷ್ಟು ಸೊರಗಿದರೂ ತಾನು ದಪ್ಪವೆಂದೇ ನಂಬಿ ಊಟ ಬಿಡುವುದಕ್ಕೆ ಅನೊರೆಕ್ಸಿಯಾ ಎಂದು ಹೆಸರು. ಕದ್ದುಮುಚ್ಚಿ ಮಿತಿಮೀರಿ ತಿಂದು, ನಾಚಿ, ವಾಂತಿ ಮಾಡಿಕೊಳ್ಳುವುದು ಬುಲಿಮಿಯಾ. ಹರೆಯದ ಹುಡುಗಿಯರಲ್ಲಿ ಹೆಚ್ಚು, ಹುಡುಗರನ್ನೂ ಬಿಟ್ಟಿಲ್ಲ. ಮುಟ್ಟು ನಿಲ್ಲುತ್ತದೆ, ನಾಡಿ ನಿಧಾನವಾಗುತ್ತದೆ, ವಾಂತಿಯ ಹುಳಿಗೆ ಹಲ್ಲು ಸವೆಯುತ್ತವೆ, ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಹೃದಯವೇ ನಿಂತೀತು.

ಬೈದು ಉಣ್ಣಿಸಿದರೆ ಸರಿಹೋದೀತೆನ್ನುವವರು ಒಂದು ಸಂಗತಿ ಕೇಳಬೇಕು. 1944-45ರಲ್ಲಿ ಅಮೇರಿಕೆಯ ಮಿನೆಸೋಟಾದಲ್ಲಿ 36 ಮಂದಿ ಗಟ್ಟಿಮುಟ್ಟಾದ ತರುಣರು ತಾವಾಗಿ ಒಪ್ಪಿ ಆರು ತಿಂಗಳು ಅರೆಹೊಟ್ಟೆಯಲ್ಲಿದ್ದರು. ಅವರಿಗೆ ಹಗಲಿರುಳೂ ಅನ್ನದ್ದೇ ಧ್ಯಾನ. ಗೆಳೆಯರು ಬೇಡವಾದರು, ಮನಸ್ಸು ಮಂಕಾಯಿತು. ಹಸಿವೇ ಮನಸ್ಸನ್ನು ತಿರುಚುತ್ತದೆ. ಆದುದರಿಂದ ಅನ್ನವೇ ಮೊದಲ ಔಷಧ. ಆದರೆ ಬಹುದಿನ ಉಪವಾಸವಿದ್ದವರಿಗೆ ಒಮ್ಮೆಲೇ ಹೊಟ್ಟೆತುಂಬ ಬಡಿಸಿದರೆ ಪ್ರಾಣಕ್ಕೇ ಅಪಾಯ. ವೈದ್ಯರ ಕಣ್ಣೆದುರಿಗೆ, ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಬೇಕು. ಎಳೆಯರಾದರೆ ತಾಯಿತಂದೆ ಹೊತ್ತುಹೊತ್ತಿಗೆ ಪಕ್ಕದಲ್ಲಿ ಕುಳಿತು ಉಣ್ಣಿಸುವುದೇ ಚಿಕಿತ್ಸೆಯ ದೊಡ್ಡ ಭಾಗ.

ಕನ್ಯೆ ನೋಡಲು ಬಂದವರು ಹುಡುಗಿಯ ಮೈಯನ್ನು ಸಂತೆಯ ದನದಂತೆ ಅಳೆಯುವುದನ್ನು ನಾವು ನಿಲ್ಲಿಸಿದ್ದೇವೆಯೇ? ತೂಕ ಇಳಿಸುವ ಪುಡಿಯನ್ನೂ ಭೇದಿ ಗುಳಿಗೆಯನ್ನೂ ಶಾಲೆಯ ಹುಡುಗಿ ಮತ್ತೆ ಮತ್ತೆ ಕೊಳ್ಳಲು ಬಂದರೆ ಒಂದು ಮಾತು ಕೇಳಿರೆಂದು ನಮ್ಮ ಅಂಗಡಿಕಾರ ಬಂಧುಗಳಲ್ಲಿ ವಿನಂತಿ.

ನೆರವು ದೂರವಿಲ್ಲ. ಗದಗಿನ ಜಿಮ್ಸ್ ದವಾಖಾನೆಯಲ್ಲಿ ನಾಡಿ, ರಕ್ತ ತೋರಿಸಬಹುದು. ಮುಂದಕ್ಕೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲಿರುಳು ಖರ್ಚಿಲ್ಲದೆ ಕನ್ನಡದಲ್ಲೇ ಮಾತನಾಡಬಹುದು.

ಆದರೆ ಇಷ್ಟಕ್ಕೇ ಸರಕಾರದ ಹೊಣೆ ತೀರಲಿಲ್ಲ. ಹಳ್ಳಿಯ ದವಾಖಾನೆಯಲ್ಲೇ ಮಾನಸಿಕ ರೋಗ ನೋಡಬಹುದೆಂದು 1980ರ ದಶಕದಲ್ಲಿ ನಿಮ್ಹಾನ್ಸ್ ತೋರಿಸಿಕೊಟ್ಟದ್ದು ತುಂಗಭದ್ರೆಯ ಆಚೆಯ ಬಳ್ಳಾರಿ ಜಿಲ್ಲೆಯಲ್ಲಿ. ಅದನ್ನೇ ಮಾದರಿಯಾಗಿಟ್ಟು 1996ರಲ್ಲಿ ದೇಶದ ಜಿಲ್ಲಾ ಯೋಜನೆ ಹುಟ್ಟಿತು. 2017ರ ಕಾಯಿದೆ ಈ ಚಿಕಿತ್ಸೆಯನ್ನು ಹಕ್ಕೆಂದು ಬರೆದಿದೆ. ವಾರಕ್ಕೊಮ್ಮೆ ಒಂದು ದಿನದ ಪಗಾರ ಕಳೆದುಕೊಂಡು ಮಗಳನ್ನು ಧಾರವಾಡಕ್ಕೆ ಕರೆದೊಯ್ಯುವ ಕೂಲಿಕಾರನಿಗೆ ಆ ಹಕ್ಕು ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಗಳ ದವಾಖಾನೆಯಲ್ಲೇ ಸಿಗಬೇಕು. ಅಲ್ಲಿಯ ವೈದ್ಯರಿಗೂ ದಾದಿಯರಿಗೂ ಈ ರೋಗ ಗುರುತಿಸುವ ತರಬೇತಿ ಕೊಡಿರೆಂದು ನಾವು ಜಿಲ್ಲಾಡಳಿತವನ್ನು ಒತ್ತಾಯಿಸುತ್ತೇವೆ.