ಎರಡು ಮೊಟ್ಟೆ, ಐದು ಪಾವ್

ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಳೆಯ ಸೆಂಟ್ರಲ್ ಜೈಲಿನ ಕಾವಲು ಗೋಪುರ ಇನ್ನೂ ನಿಂತಿದೆ. ತುರ್ತು ಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಿಂದ ಎಂಟು ತಿಂಗಳು ನಟಿ ಸ್ನೇಹಲತಾ ರೆಡ್ಡಿ ಇದೇ ಜೈಲಿನಲ್ಲಿದ್ದರು. ‘ಸಂಸ್ಕಾರ’ ಚಿತ್ರದ ಚಂದ್ರಿ ಎಂದರೆ ಹಳಬರಿಗೆ ಥಟ್ಟನೆ ನೆನಪಾದೀತು. ಆಕೆಗೆ ಉಬ್ಬಸವಿತ್ತು. ರಾತ್ರಿಯ ನಿಶ್ಶಬ್ದದಲ್ಲಿ ಆಕೆಯ ಕೂಗು ತಮ್ಮ ಕೋಣೆಗೆ ಕೇಳಿಸುತ್ತಿತ್ತು ಎಂದು ಅಲ್ಲೇ ಬಂಧನದಲ್ಲಿದ್ದ ಸಮಾಜವಾದಿ ನಾಯಕ ಮಧು ದಂಡವತೆ ಬರೆದಿದ್ದಾರೆ. 1977ರ ಜನವರಿ 15ರಂದು ಪೆರೋಲ್ ಸಿಕ್ಕಿತು, 20ರಂದು ತೀರಿಕೊಂಡರು.

ಈ ಸಾವನ್ನು ಬಹಳ ಮಂದಿ ನೆನೆಯುತ್ತಾರೆ. ಆಕೆ ಜೈಲಿನೊಳಗೆ ಮಾಡಿದ ಕೆಲಸ ಅಷ್ಟಾಗಿ ಮಾತಿಗೆ ಬರುವುದಿಲ್ಲ. ಉಸಿರಾಡುವುದೇ ಕಷ್ಟವಾಗಿದ್ದ ದಿನಗಳಲ್ಲೂ ಹೆಣ್ಣು ಕೈದಿಗಳಿಗೆ ಬೀಳುತ್ತಿದ್ದ ಏಟಿನ ವಿರುದ್ಧ, ಅವರಿಗೆ ಕೊಡುತ್ತಿದ್ದ ಊಟದ ವಿರುದ್ಧ ಹಟ ಹಿಡಿದರು. ಹೊಡೆತ ನಿಂತಿತು, ಊಟ ಸುಧಾರಿಸಿತು ಎಂಬ ಸಮಾಧಾನವನ್ನು ದಿನಚರಿಯಲ್ಲಿ ಬರೆದುಕೊಂಡರು. ಕರ್ನಾಟಕ ಮಾನವ ಹಕ್ಕುಗಳ ಸಮಿತಿ ಅದನ್ನು ಪುಸ್ತಕವಾಗಿ ತಂದಿತು.

ಏಟನ್ನೂ ಊಟವನ್ನೂ ಆಕೆ ಒಟ್ಟಿಗೆ ಕೈಗೆತ್ತಿಕೊಂಡದ್ದು ಸರಿಯಾಗಿತ್ತು. ಜೈಲಿನ ಏಟಿಗೂ ಕೈದಿಯಿಂದ ಕಿತ್ತುಕೊಳ್ಳುವುದಕ್ಕೂ ನಂಟಿದೆ. ತಿಹಾರ್ ಜೈಲಿನಿಂದ ಸುನಿಲ್ ಬಾತ್ರಾ ಎಂಬ ಕೈದಿ ಸುಪ್ರೀಂ ಕೋರ್ಟಿಗೆ ಬರೆದ ಪತ್ರವನ್ನೇ ನೋಡಿ. ನೋಡಲು ಬರುವ ಮನೆಯವರಿಂದ ದುಡ್ಡು ಕೀಳಲೆಂದು ವಾರ್ಡರ್ ಇನ್ನೊಬ್ಬ ಕೈದಿಯನ್ನು ಹಿಂಸಿಸಿದ ಎಂಬುದು ಆತನ ದೂರು, ತನಗಾದ ಅನ್ಯಾಯದ ದೂರಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರಿದ್ದ ಪೀಠ ಆ ಪತ್ರವನ್ನೇ ಅರ್ಜಿಯೆಂದು ಪರಿಗಣಿಸಿ 1979ರಲ್ಲಿ ತೀರ್ಪು ಕೊಟ್ಟಿತು.

ಜೈಲಿನ ಲಂಚವನ್ನು, ಊಟದ ಲೆಕ್ಕದಲ್ಲಿ ಬೀಳುವ ಕೊರತೆಯನ್ನು ಸಣ್ಣ ಸಂಗತಿ ಎನ್ನುವವರಿದ್ದಾರೆ. ಅವರಿಗೆ ಮುಂಬೈನ ಬೈಕುಲಾ ಮಹಿಳಾ ಜೈಲಿನ ಆ ಬೆಳಗನ್ನು ಹೇಳಬೇಕೆನಿಸುತ್ತದೆ. 2017ರ ಜೂನ್. ತಿಂಡಿಯಲ್ಲಿ ಎರಡು ಮೊಟ್ಟೆ, ಐದು ಪಾವ್ ಕಡಿಮೆ ಬಿದ್ದವು. ಆ ಲೆಕ್ಕದ ಮಾತು ಬೆಳೆದು ಒಬ್ಬ ಕೈದಿ ಸತ್ತಳು. ಹೊಡೆದು ಕೊಂದರೆಂದು ಜೈಲಿನ ಆರು ಮಂದಿ ಸಿಬ್ಬಂದಿಯ ಮೇಲೆ ಕೊಲೆ ಮೊಕದ್ದಮೆ ದಾಖಲಾಯಿತು. ಉಳಿದ ಹೆಂಗಸರು ಚಾವಣಿ ಏರಿ ಕೂಗಿದರು. ಅವರ ಮೇಲೂ ಗಲಭೆಯ ಕೇಸು ಬಿತ್ತು.

ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 1997ರಲ್ಲೇ ಸಹಿ ಹಾಕಿದೆ, ಅನುಮೋದಿಸಿಲ್ಲ. 2010ರಲ್ಲಿ ಲೋಕಸಭೆ ಒಪ್ಪಿದ ಚಿತ್ರಹಿಂಸೆ ತಡೆ ಮಸೂದೆ ಕಾನೂನಾಗದೆ ಬಿದ್ದುಹೋಯಿತು. ಆ ಕಾನೂನು ಬರಲೇಬೇಕು. ಬರುವ ತನಕ ಜೈಲುಗಳನ್ನು ಪರಿಶೀಲಿಸಬೇಕಾದ ಸಂದರ್ಶಕ ಮಂಡಳಿಗಳು ಸೂಪರಿಂಟೆಂಡೆಂಟರ ಕೋಣೆಯಲ್ಲಿ ಚಹಾ ಕುಡಿದು ಮರಳದಿರಲಿ. ಮುನ್ಸೂಚನೆ ಕೊಡದೆ ಹೋಗಲಿ, ನೆಟ್ಟಗೆ ಅಡುಗೆಮನೆಗೆ ನಡೆಯಲಿ, ಅಂದಿನ ಮೊಟ್ಟೆಗಳನ್ನು ಎಣಿಸಲಿ.