ಹಳೆಯ ದಂತ, ಹೊಸ ಅನುಮೋದನೆ

ಲಂಡನ್, ಆಂಟ್ವರ್ಪ್‌ಗಳಲ್ಲಿ ನೆಲೆಸಿದ ಶ್ರಾವಕರಿಗೆ ಯುರೋಪಿನ ಪುರಾತನ ವಸ್ತುಗಳ ಅಂಗಡಿ ಕೂಗಳತೆಯಲ್ಲಿದೆ. ಗಾಜಿನ ತೂಗುದೀಪಕ್ಕೆ ಆಕ್ಷೇಪವಿಲ್ಲ. ಕಲ್ಕತ್ತೆಯಲ್ಲಿ ರಾಯ್ ಬದರೀದಾಸರು 1867ರಲ್ಲಿ ಕಟ್ಟಿಸಿದ ಶೀತಲನಾಥ ಜಿನಾಲಯದಲ್ಲೇ ಅಂಥವು ಬೆಳಗುತ್ತಿವೆ. ಆದರೆ ಫ್ರಾನ್ಸಿನ ದಿಯೆಪ್ ಪಟ್ಟಣದ ದಂತದ ಕೆತ್ತನೆ, ಕಡಲಾಮೆಯ ಚಿಪ್ಪಿನ ನಶ್ಯದ ಡಬ್ಬಿ, ತೊಗಲಿಗೆ ಹೊಟ್ಟು ತುಂಬಿ ಗಾಜಿನೊಳಗೆ ನಿಲ್ಲಿಸಿದ ಹಕ್ಕಿ ಇವೆಲ್ಲ ಶ್ರಾವಕನ ಮನೆಗೆ ಭೂಷಣವೆ?

“ಪ್ರಾಣಿ ಸತ್ತು ಶತಮಾನ ಕಳೆಯಿತು, ಕೊಂದವರು ನಾವಲ್ಲ” ಎಂಬುದು ಸಮರ್ಥಕರ ವಾದ. ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಗೃಹಸ್ಥನ ಅಹಿಂಸಾಣುವ್ರತಕ್ಕೆ ಕೃತ, ಕಾರಿತಗಳೊಡನೆ ಅನುಮೋದನೆಯ ತ್ಯಾಗವನ್ನೂ ಸೇರಿಸಿದ್ದಾರೆ. ಬೆಲೆ ತೆತ್ತು ತಂದು, ಅತಿಥಿಗಳಿಗೆ ತೋರಿಸಿ ಹಿಗ್ಗುವುದು ಅನುಮೋದನೆಯಲ್ಲದೆ ಮತ್ತೇನು? ಹಳೆಯ ದಂತಕ್ಕೆ ಗಿರಾಕಿಯಿರುವವರೆಗೆ ಹೊಸ ದಂತವೂ ಹಳೆಯದರ ವೇಷ ತೊಟ್ಟು ಪೇಟೆಗೆ ಬರುತ್ತದೆ. ವ್ಯಾಪಾರವನ್ನೇ ಕುಲವೃತ್ತಿಯಾಗಿಸಿಕೊಂಡ ಸಮಾಜಕ್ಕೆ ಇದನ್ನು ಬಿಡಿಸಿ ಹೇಳಬೇಕೆ!

ಮಾಂಸಾಹಾರವೇ ರೂಢಿಯಾದ ಬ್ರಿಟನ್ ಕೂಡ 2018ರಲ್ಲಿ ಶಾಸನ ಮಾಡಿ, 2022ರಿಂದ ಆನೆದಂತದ ವಹಿವಾಟನ್ನು ಬಹುಮಟ್ಟಿಗೆ ನಿಷೇಧಿಸಿತು. 1947ಕ್ಕೆ ಹಿಂದಿನ, ಶೇಕಡಾ 10ಕ್ಕಿಂತ ಕಡಿಮೆ ದಂತವುಳ್ಳ ವಸ್ತುಗಳಿಗೆ ಅದರಲ್ಲಿ ವಿನಾಯಿತಿಯುಂಟು. ಈ ಶೇಕಡಾವಾರು ಲೆಕ್ಕ ಸರಕಾರಕ್ಕೆ ಸಾಕು, ಅಣುವ್ರತಿಗೆ ಸಾಲದು. ಈಗಾಗಲೇ ಮನೆಯಲ್ಲಿರುವುದನ್ನು ಮಾರದೆ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಲಿ. ಜಿನಾಲಯಗಳ ಆಡಳಿತ ಮಂಡಳಿಗಳು ಇಂಥವನ್ನು ದಾನವಾಗಿಯೂ ಸ್ವೀಕರಿಸಕೂಡದು.